ಇಲಿಯೊಸ್ಟೊಮಿಯ ಸುತ್ತಲಿನ ಚರ್ಮ ಉರಿಯುತ್ತಿದೆ, ಯಾರನ್ನು ಕೇಳಬೇಕು?

ಪ್ರಶ್ನೆ: ತಾಯಿಯ ಆರೈಕೆ ಮಾಡುತ್ತಿರುವ ಮಗಳು, ಹಾವೇರಿ ಜಿಲ್ಲೆ

ಅಲ್ಸರೇಟಿವ್ ಕೊಲೈಟಿಸ್ ಎಂಬ, ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆಗಾಗಿ ಕಳೆದ ಬೇಸಿಗೆಯಲ್ಲಿ ನನ್ನ ತಾಯಿಯ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಭಾಗದಲ್ಲಿ ಹೊರತಂದು ಇಲಿಯೊಸ್ಟೊಮಿ ಮಾಡಿದ್ದಾರೆ. ಗಾಯ ಮಾಗಿದೆ, ಊಟವೂ ಸೇರುತ್ತಿದೆ. ಆದರೆ ಮಳೆಗಾಲ ಹಿಡಿದಾಗಿನಿಂದ ಸ್ಟೋಮಾದ (ಹೊರತಂದ ಕರುಳಿನ ಬಾಯಿಯ) ಸುತ್ತಲಿನ ಚರ್ಮ ಕೆಂಪಾಗಿ ಜಿನುಗುತ್ತಿದ್ದು, ನೀರು ತಾಗಿದರೂ ಉರಿಯುತ್ತದೆ. ಮೊದಲೆಲ್ಲ ಮೂರು ದಿನ ನಿಲ್ಲುತ್ತಿದ್ದ, ಮಲ ಸಂಗ್ರಹಿಸುವ ಬ್ಯಾಗ್ ಈಗ ಒಂದು ದಿನವೂ ನಿಲ್ಲದೆ ಸೋರುತ್ತದೆ. ಬ್ಯಾಗಿನ ಖರ್ಚನ್ನು ಹೇಗೋ ತಾಳಿಕೊಳ್ಳಬಹುದು. ಎಲ್ಲಿ ವಾಸನೆ ಬಂದೀತೋ ಎಂಬ ಅಳುಕಿನಿಂದ ಅಮ್ಮ ನೆಂಟರ ಮನೆಯ ಮದುವೆಗೂ ಹೋಗದೆ ಒಳಗೇ ಕುಳಿತಿರುವುದನ್ನು ನೋಡಲಾಗುತ್ತಿಲ್ಲ. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಬೇಕೆಂದು ನೆರೆಯವರು ಹೇಳುತ್ತಿದ್ದಾರೆ. ನಮ್ಮ ತಾಲ್ಲೂಕಿನಲ್ಲಿ ಇದನ್ನು ಬಲ್ಲವರು ಯಾರೂ ಸಿಕ್ಕಿಲ್ಲ. ಎಲ್ಲಿಂದ ಆರಂಭಿಸಲಿ?

ಉತ್ತರ 1: ಇಲಿಯೊಸ್ಟೊಮಿಯೊಂದಿಗೆ ಬದುಕುತ್ತಿರುವವರು, ಮೈಸೂರು

ಎಣ್ಣೆ, ಅರಿಶಿನ, ಮುಲಾಮು ಯಾವುದನ್ನೂ ಹಚ್ಚಬೇಡಿ, ಏಕೆಂದರೆ ಜಿಡ್ಡಿನ ಮೇಲೆ ಫ್ಲ್ಯಾಂಜ್ (ಬ್ಯಾಗನ್ನು ಚರ್ಮಕ್ಕೆ ಹಿಡಿಸುವ ಅಂಟುಬಿಲ್ಲೆ) ಹಿಡಿಯುವುದಿಲ್ಲ. ಡೆಟಾಲ್, ಸ್ಯಾವ್ಲಾನ್‌ಗಳೂ ಬೇಡ. ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಮೆತ್ತನೆಯ ಬಟ್ಟೆಯನ್ನು ಒತ್ತಿ ಒಣಗಿಸಿದರೆ ಸಾಕು. ಸಣ್ಣ ಕರುಳಿನಿಂದ ಬರುವ ತೆಳುವಾದ ಮಲದಲ್ಲಿ ಜೀರ್ಣರಸಗಳು ಇನ್ನೂ ಚುರುಕಾಗಿಯೇ ಇರುವುದರಿಂದ, ಅದು ಚರ್ಮದ ಮೇಲೆ ಕೆಲವೇ ಗಂಟೆ ನಿಂತರೂ ಮೇಲ್ಪದರವನ್ನು ಕರಗಿಸುತ್ತದೆ. ಒದ್ದೆಯಾದ ಚರ್ಮಕ್ಕೆ ಬ್ಯಾಗ್ ಅಂಟುವುದಿಲ್ಲ, ಅಂಟದ ಬ್ಯಾಗ್ ಮತ್ತೆ ಸೋರುತ್ತದೆ. ಈ ಸುತ್ತನ್ನು ಮುರಿಯಬೇಕಾದರೆ ಮೊದಲು ಸ್ಟೋಮಾವನ್ನು ಅಳೆಯಿರಿ. ಶಸ್ತ್ರಚಿಕಿತ್ಸೆಯ ನಂತರದ ಆರೆಂಟು ವಾರಗಳಲ್ಲಿ ಅದು ಕುಗ್ಗುತ್ತದೆ, ಆಸ್ಪತ್ರೆಯಲ್ಲಿ ಕೊಟ್ಟ ಹಳೆಯ ಅಳತೆಗೇ ಫ್ಲ್ಯಾಂಜಿನ ರಂಧ್ರವನ್ನು ಕತ್ತರಿಸುತ್ತಿದ್ದರೆ ಸುತ್ತಲೂ ಚರ್ಮ ತೆರೆದುಕೊಂಡಿರುತ್ತದೆ. ರಂಧ್ರವು ಸ್ಟೋಮಾಕ್ಕಿಂತ 2-3 ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಮುಂದಿನ ಸಲ ಬಿಡಿಸಿದ ಫ್ಲ್ಯಾಂಜನ್ನು ಎಸೆಯುವ ಮುನ್ನ ಅದರ ಹಿಂಬದಿಯನ್ನು ನೋಡಿ. ಎಲ್ಲಿ ಕರಗಿದೆಯೋ ಸೋರಿಕೆಯ ದಾರಿ ಅಲ್ಲೇ ಇರುತ್ತದೆ.

ಉತ್ತರ 2: ಸ್ಟೋಮಾ ಆರೈಕೆಯ ಶುಶ್ರೂಷಕಿ, ಬೆಂಗಳೂರು

ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಕೆಂಪಾದ ಚರ್ಮವೆಲ್ಲ ಸೋರಿಕೆಯಿಂದಲೇ ಆದದ್ದೆಂದು ತೀರ್ಮಾನಿಸಬಾರದು. ಕೆಂಪಿನ ಅಂಚಿನಾಚೆ ಚಿಕ್ಕ ಚಿಕ್ಕ ಗುಳ್ಳೆಗಳು ಚದುರಿ, ಉರಿಗಿಂತ ತುರಿಕೆ ಹೆಚ್ಚಾಗಿದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು. ಮಳೆಗಾಲದ ತೇವದಲ್ಲಿ ಇದು ಸಾಮಾನ್ಯ, ವೈದ್ಯರು ಬರೆದುಕೊಡುವ ಪುಡಿರೂಪದ ಔಷಧಿ ಬೇಕಾಗುತ್ತದೆ. ಫ್ಲ್ಯಾಂಜಿನ ಆಕಾರವೇ ಅಚ್ಚೊತ್ತಿದಂತೆ ಕೆಂಪಾಗಿದ್ದರೆ ಅಂಟಿನ ಅಲರ್ಜಿಯನ್ನು ಶಂಕಿಸಬೇಕು. ನೇರಳೆ ಅಂಚಿನ, ತೀವ್ರ ನೋವಿನ ಹುಣ್ಣು ಕಾಣಿಸಿಕೊಂಡು ಬೇಗ ಹರಡಿದರೆ ಮಾತ್ರ ಒಂದು ದಿನವೂ ಕಾಯಬೇಡಿ. ಕೊಲೈಟಿಸ್ ಇದ್ದವರಲ್ಲಿ ಪಯೋಡರ್ಮಾ ಗ್ಯಾಂಗ್ರಿನೋಸಮ್ ಎಂಬ ಬೇರೆಯೇ ಕಾಯಿಲೆ ಹೀಗೆ ಬರುವುದುಂಟು.

ಜಿನುಗುವ ಚರ್ಮಕ್ಕೆ ಸ್ಟೋಮಾ ಪುಡಿಯನ್ನು ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಅದರ ಮೇಲೆ ಆಲ್ಕೋಹಾಲ್ ಇಲ್ಲದ ರಕ್ಷಕ ದ್ರವವನ್ನು ಒತ್ತಿ ಹಚ್ಚಿ ಒಣಗಲು ಬಿಡಿ. ಹೀಗೆ ಎರಡು ಮೂರು ಪದರವಾದ ಮೇಲೆ ಫ್ಲ್ಯಾಂಜ್ ಹಾಕಿ, ಅಂಗೈಯ ಬಿಸಿಯಲ್ಲಿ ಸ್ವಲ್ಪ ಹೊತ್ತು ಒತ್ತಿಹಿಡಿಯಿರಿ. ಬೆಳಿಗ್ಗೆ ಏನೂ ತಿನ್ನುವ ಮೊದಲೇ ಬದಲಾಯಿಸಿದರೆ ಕರುಳು ಶಾಂತವಾಗಿರುತ್ತದೆ.

ಪ್ರಶ್ನೆ ಕೇಳಿದವರು

ನೋಡಿದೆ, ಫ್ಲ್ಯಾಂಜಿನ ಕೆಳಭಾಗ ಮಾತ್ರ ಪೂರ್ತಿ ಕರಗಿದೆ. ಗುಳ್ಳೆಗಳಿಲ್ಲ, ತುರಿಕೆಯೂ ಇಲ್ಲ. ಅಮ್ಮ ಕುಳಿತಾಗ ಅದೇ ಜಾಗದಲ್ಲಿ ಹೊಟ್ಟೆ ಮಡಿಕೆ ಬೀಳುತ್ತದೆ, ಸ್ಟೋಮಾ ಚರ್ಮದ ಮಟ್ಟಕ್ಕೆ ಇಳಿದಂತೆ ಕಾಣುತ್ತದೆ.

ಉತ್ತರ 2ರವರು

ಹಾಗಿದ್ದರೆ ಚಪ್ಪಟೆ ಫ್ಲ್ಯಾಂಜ್ ಸಾಲದು. ಚರ್ಮವನ್ನು ಒಳಗೆ ಒತ್ತಿ ಸ್ಟೋಮಾವನ್ನು ಮುಂದಕ್ಕೆ ತರುವ ಉಬ್ಬು ಫ್ಲ್ಯಾಂಜ್, ಮಡಿಕೆಯನ್ನು ತುಂಬುವ ರಿಂಗ್, ಬೇಕಾದರೆ ಸೊಂಟದ ಬೆಲ್ಟ್ ಎಂಬ ಮೂರು ಸಾಧನಗಳಿವೆ. ಇವುಗಳ ಆಯ್ಕೆಯನ್ನು ತಾಯಿಯವರನ್ನು ಕೂರಿಸಿ, ನಿಲ್ಲಿಸಿ, ಬಾಗಿಸಿ ನೋಡಿದವರೇ ಮಾಡಬೇಕು, ಉಬ್ಬು ಹೆಚ್ಚಾದರೆ ಒತ್ತಡದ ಗಾಯವಾಗುತ್ತದೆ. ಹಸಿ ಚರ್ಮದ ಮೇಲೆ ಆಲ್ಕೋಹಾಲ್ ಇರುವ ಪೇಸ್ಟ್ ಹಾಕಬೇಡಿ, ವಿಪರೀತ ಉರಿಯುತ್ತದೆ. ಬ್ಯಾಗ್ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ.

ಉತ್ತರ 3: ಪತ್ನಿಯ ಆರೈಕೆ ಮಾಡುವವರು, ಹುಬ್ಬಳ್ಳಿ

ಬಲ್ಲವರನ್ನು ಹುಡುಕುವ ಬಗ್ಗೆ ಹೇಳುತ್ತೇನೆ. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ, ಸ್ಟೋಮಾ ಕ್ಲಿನಿಕ್ ಅಥವಾ ಎಂಟರೊಸ್ಟೊಮಲ್ ಥೆರಪಿ (ಸ್ಟೋಮಾ ಆರೈಕೆ) ಕಲಿತ ನರ್ಸ್ ಎಂದೇ ಕೇಳಿರಿ. ಬರಿದೇ ಡ್ರೆಸಿಂಗ್ ಎಂದರೆ ಬೇರೆ ವಿಭಾಗಕ್ಕೆ ಕಳುಹಿಸುತ್ತಾರೆ. ಮುಂಬೈಯಲ್ಲಿರುವ ಆಸ್ಟೊಮಿ ಅಸೋಸಿಯೇಷನ್ ಆಫ್ ಇಂಡಿಯಾ ಆಸ್ಟೊಮಿ (ಹೊಟ್ಟೆಯ ಮೇಲೆ ಇಂಥ ದ್ವಾರ) ಇರುವವರದೇ ಸಂಸ್ಥೆಯಾದ್ದರಿಂದ ಅಲ್ಲಿ ಸಂಕೋಚಪಡಬೇಕಾಗಿಲ್ಲ. ಈ ಶುಶ್ರೂಷೆ ಹುಟ್ಟಿದ್ದೇ ಇದನ್ನು ಅನುಭವಿಸಿದ ಒಬ್ಬ ಹೆಣ್ಣುಮಗಳಿಂದ. ಕೊಲೈಟಿಸ್‌ನಿಂದ ಬಳಲಿ ಇಲಿಯೊಸ್ಟೊಮಿ ಮಾಡಿಸಿಕೊಂಡಿದ್ದ ನಾರ್ಮಾ ಗಿಲ್ ಅವರನ್ನು 1958ರಲ್ಲಿ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಇತರ ರೋಗಿಗಳ ನೆರವಿಗೆ ನೇಮಿಸಿದರು. ಟರ್ನ್‌ಬುಲ್ ಚರ್ಮ ಕಾಯಲು ಬಳಕೆಗೆ ತಂದ ಕರಾಯ ಅಂಟು ನಮ್ಮ ದೇಶದ ಕಾಡುಮರದ್ದು.

ಭೇಟಿಗೆ ಹೋಗುವಾಗ ಬಿಡಿಸಿದ ಫ್ಲ್ಯಾಂಜನ್ನು ಕವರಿನಲ್ಲಿ ಹಾಕಿಕೊಂಡು, ತಾಯಿಯವರು ಕುಳಿತಾಗಿನ ಮತ್ತು ನಿಂತಾಗಿನ ಫೋಟೋಗಳನ್ನೂ ಒಯ್ಯಿರಿ. ಹುಬ್ಬಳ್ಳಿಗೆ ಬರುವುದಾದರೆ ತಿಳಿಸಿ, ನನ್ನ ಪತ್ನಿ ನಿಮ್ಮ ಅಮ್ಮನೊಂದಿಗೆ ಮಾತನಾಡಲು ಸಿದ್ಧಳಿದ್ದಾಳೆ.