ಆಫ್ರಿಕಾದ ಕುಬಾ ಜನರ ಮುಖವಾಡ ತರಿಸಬೇಕೆಂದಿದ್ದೇನೆ, ಅನುಭವ ಇದ್ದವರು ಹೇಳಿ

ದಾವಣಗೆರೆ ಬೆಣ್ಣೆ: ತಮ್ಮ ಕಾಂಗೋದ ಕಿನ್ಶಾಸಾದಲ್ಲಿದ್ದಾನೆ. ರಜೆಗೆ ಬರುವಾಗ ಕುಬಾ ಮುಖವಾಡ ತರುತ್ತಾನಂತೆ. ಕವಡೆ, ಮಣಿ, ಕೆನ್ನೆ ಮೇಲೆ ಕಣ್ಣೀರಿನ ಗೆರೆ ಎಲ್ಲ ಇದೆ. 120 ಡಾಲರ್. ಹಳೆಯದು ಅಂತ ವ್ಯಾಪಾರಿ ಹೇಳಿದ್ದಾನೆ. ತರಿಸಲಾ, ಬೇಡ್ವಾ?

ಕಟಾಂಗಾ ಭಟ್ರು: 120 ಬರೀ ಶುರು. ಕಾಂಗೋದ ಲುಬುಂಬಾಶಿಯಲ್ಲಿದ್ದಾಗ ನಾನು ಸೊಂಗ್ಯೆ ಜನರ ಕಿಫ್ವೆಬೆ ಮುಖವಾಡ ಕೊಂಡೆ. ನೆತ್ತಿ ಮೇಲೆ ಎತ್ತರದ ಏಣು ಇರುವ ಗಂಡು ಮುಖವಾಡ. 300 ಅಂದವನು 140 ಡಾಲರಿಗೆ ಕೊಟ್ಟ. ಮರದ ಪೆಟ್ಟಿಗೆಗೆ 40, ಕಾರ್ಗೋಗೆ 210. ಪೆಟ್ಟಿಗೆ ಮೇಲೆ ಹುಳು ಕೊಂದ ಮುದ್ರೆ ಇಲ್ಲ ಅಂತ ಇಲ್ಲಿ ತಡೆದರು. ಏಜೆಂಟಿಗೆ 6,500 ರೂಪಾಯಿ, ಗೋದಾಮಿಗೆ 2,800, ಮೇಲೆ ಸುಂಕ. ಇಷ್ಟೆಲ್ಲ ಆದ ಮೇಲೆ ಮಳೆಗಾಲದಲ್ಲಿ ಗೋಡೆ ಕೆಳಗೆ ಸಣ್ಣ ಹಿಟ್ಟು ಉದುರತೊಡಗಿತು. ಗೆದ್ದಲಲ್ಲ, ಮರ ಕೊರೆಯುವ ಹುಳು. ಔಷಧಿ ಹಚ್ಚಿದರೆ ಬಣ್ಣ ಹೋಗುತ್ತದೆ. ಕೊನೆಗೆ ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿ, ಪರಿಚಯದ ಐಸ್‌ಕ್ರೀಂ ವ್ಯಾಪಾರಿಯ ಫ್ರೀಜರಿನಲ್ಲಿ ಮೈನಸ್ 20ರಲ್ಲಿ ಎರಡು ವಾರ ಇಟ್ಟೆ. ಬಾಡಿಗೆ 1,500. ಈಗ ಹಿಟ್ಟಿಲ್ಲ.

ಗುಂಡುಸೂಜಿ: ಭಟ್ರೇ, ಹುಳು ತಿಂದಿದೆ ಅಂದ ಮಾತ್ರಕ್ಕೆ ಹಳೆಯದಾಗಲ್ಲ. ನಾನು ಕ್ಯಾಮೆರೂನಿನಲ್ಲಿದ್ದವನು. ಫುಂಬಾನ್‌ನಲ್ಲಿ ಕೆತ್ತುವವರದ್ದೇ ಬೀದಿ ಇದೆ. ಹಳೆಯದಾಗಿ ಕಾಣಲಿ ಅಂತ ಹೊಗೆ ಹಾಕ್ತಾರೆ, ಮಣ್ಣಲ್ಲಿ ಹೂಳ್ತಾರೆ. ಡೌಲಾದಲ್ಲಿ ಒಬ್ಬ ನನಗೆ ಗಬಾನಿನ ಕೋಟಾ ಜನರ ಬೊಂಬೆ ಮಾರಿದ. ಹಿರಿಯರ ಮೂಳೆ ಬುಟ್ಟಿಯ ಮೇಲೆ ಕಾವಲಿಗೆ ಇಡ್ತಿದ್ದರಲ್ಲ, ಅದೇ. 450 ಯೂರೋ! ತಾಮ್ರದ ತಗಡಿನ ಅಂಚು ಎತ್ತಿ ನೋಡಿದರೆ ಒಳಗೆ ಮರ ಬೆಳ್ಳಗೆ. ಹಿಂಬದಿ ಒರೆಸಿದರೆ ಬಟ್ಟೆಗೆ ಬೂಟ್ ಪಾಲಿಶ್. ಮುಖವಾಡ ಆದರೆ ಒಳಗಡೆ ನೋಡಬೇಕು. ಕುಣಿದದ್ದಾದರೆ ಹಣೆ, ಮೂಗು ತಾಗುವ ಕಡೆ ನುಣುಪಾಗಿರುತ್ತದೆ. ಅಂಚಿನ ತೂತು ದಾರ ಎಳೆದೆಳೆದು ಸವೆದಿರುತ್ತದೆ. ನಿಮ್ಮದು ಸವೆದಿದೆಯಾ?

ಕಟಾಂಗಾ ಭಟ್ರು: ನನ್ನದು ಹಳೆಯದು ಅಂತ ನಾನೆಲ್ಲಿ ಹೇಳಿದೆ? ನೀವು ಮೋಸ ಹೋದರೆ ಊರೆಲ್ಲ ಮೋಸ ಹೋಗಬೇಕಾ?

ಮೈಸೂರ್ ಅಕ್ಕ: ಈ ಹಳೆಯದರ ಹುಚ್ಚು ಯಾಕೆ ಸ್ವಾಮಿ? ಕಾಂಗೋದ ಪೆಂಡೆ ಜನ ಇವತ್ತಿಗೂ ಕೆತ್ತುತ್ತಾರೆ, ಕುಣಿಯುತ್ತಾರೆ. ನಾನು ಕೆತ್ತಿದವನ ಕೈಗೇ 90 ಡಾಲರ್ ಕೊಟ್ಟು ಹೊಸದನ್ನೇ ತಂದೆ. ರಾಫಿಯಾ ನಾರಿನ ಗಡ್ಡ, ಕೆಂಪು ಮುಖ, ಕೆಳಗಿಳಿದ ರೆಪ್ಪೆ. ನನ್ನ ಮನೆಯಲ್ಲಿ ಅದಕ್ಕಿಂತ ಚೆನ್ನಾಗಿರುವ ವಸ್ತು ಇನ್ನೊಂದಿಲ್ಲ.

ಕರಾವಳಿ ಕೂಸು: ಹೊಸದು ಸರಿ ಅಕ್ಕಾ. ಹಳೆಯದಾದರೆ ಯಾರ ಕೈಯಿಂದ ಹೇಗೆ ಬಂತು ಅಂತ ಕೇಳೋರೇ ಇಲ್ವಾ? ಫ್ರಾನ್ಸಿನಲ್ಲಿ ವಯಸ್ಸಾದ ದಂಪತಿ ಗಬಾನಿನ ಫಾಂಗ್ ಜನರ ಎನ್ಗಿಲ್ ಮುಖವಾಡವನ್ನು ಹಳೇ ಸಾಮಾನಿನವನಿಗೆ 150 ಯೂರೋಗೆ ಕೊಟ್ಟರು. 2022ರಲ್ಲಿ ಅದು 42 ಲಕ್ಷ ಯೂರೋಗೆ ಹರಾಜಾಯಿತು. ದಂಪತಿ ಕೋರ್ಟಿಗೆ ಹೋದರು, ಗಬಾನ್ ಸರ್ಕಾರ ಅದು ನಮ್ಮದು ಅಂತ ಬಂತು. 2023ರಲ್ಲಿ ಇಬ್ಬರಿಗೂ ಇಲ್ಲ ಅಂದರು. ಅದೇ 2022ರಲ್ಲಿ ಹಿಂದೆ ಕಾಂಗೋ ಆಳಿದ್ದ ಬೆಲ್ಜಿಯಂನ ರಾಜ ಅಲ್ಲಿನ ಸುಕು ಜನರ ಕಾಕುಂಗು ಮುಖವಾಡ ಕಿನ್ಶಾಸಾಕ್ಕೆ ತಂದರು, ಅದೂ ಎರವಲಿನ ಹೆಸರಲ್ಲಿ! ನಮ್ಮ ದೈವದ ಮೊಗವನ್ನು ಯಾರೋ ಡ್ರಾಯಿಂಗ್ ರೂಮಿನಲ್ಲಿ ತೂಗುಹಾಕಿದರೆ ಸುಮ್ನೆ ಇರ್ತೀರಾ?

ಕಟಾಂಗಾ ಭಟ್ರು: ಎಲ್ಲದಕ್ಕೂ ದೈವ ಎಳೆದು ತರಬೇಡಿ. ನಾನು ದುಡ್ಡು ಕೊಟ್ಟು ತಂದಿದ್ದು.

ಕರಾವಳಿ ಕೂಸು: ಆ 42 ಲಕ್ಷ ಕೊಟ್ಟವನೂ ದುಡ್ಡು ಕೊಟ್ಟೇ ತಗೊಂಡ.

ಹೊಸಬ 77: ಮೈ ತುಂಬ ಮೊಳೆ ಹೊಡೆದ ಬೊಂಬೆ ಮಾತ್ರ ಮನೆಗೆ ತರಬೇಡಿ. ಅದು ಮಾಟ. ನಮ್ಮ ಮಾವನ ಮನೆಯಲ್ಲಿ ಇಟ್ಟ ವರ್ಷವೇ ಬೋರ್‌ವೆಲ್ ಬತ್ತಿತು.

ಮೈಸೂರ್ ಅಕ್ಕ: ಅಯ್ಯೋ ರಾಮಾ. ಕೊಂಗೋ ಜನರ ಎನ್ಕೊಂಡಿ ಅದು. ಇಬ್ಬರು ಆಣೆ ಮಾಡಿದರೆ, ವ್ಯಾಜ್ಯ ತೀರಿದರೆ ಮೊಳೆ ಹೊಡೀತಿದ್ದರು. ಹೊಟ್ಟೆಯ ಕನ್ನಡಿ ಹಿಂದೆ ಎನ್ಗಂಗಾ, ಅಂದರೆ ಅವರ ಮಂತ್ರವೈದ್ಯ, ಮದ್ದು ತುಂಬಬೇಕು, ಆಗಲೇ ಅದಕ್ಕೆ ಬಲ. ನಿಮ್ಮ ಮಾವನದು ಖಾಲಿ ಮರ. ಬೋರ್‌ವೆಲ್ ಎಷ್ಟು ಅಡಿ ಕೊರೆಸಿದ್ರು?

ಹೊಸಬ 77: 640. ಕೇಸಿಂಗ್ ಪೈಪಿಗೇ 38,000. ಪಾಯಿಂಟ್ ತೋರಿಸಿದವನು ತೆಂಗಿನಕಾಯಿ ಹಿಡಿದವನು.

ಗುಂಡುಸೂಜಿ: ಹಾಗಾದ್ರೆ ಬೊಂಬೆಯನ್ನು ಯಾಕೆ ಬೈತೀರಿ, ಅವನನ್ನು ಹಿಡೀರಿ.