ಮೊಟ್ಟೆಯಲ್ಲಿ ಅದ್ದುವ ‘ಸೋಲ್ಜರ್’‌ಗೆ ಕನ್ನಡದಲ್ಲಿ ಏನನ್ನೋಣ?

ಇಂಗ್ಲೆಂಡಿನ ಒಂದು ಮಕ್ಕಳ ಕತೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಹುಡುಗಿ ಬೆಳಗ್ಗೆ ‘ಎಗ್ ಅಂಡ್ ಸೋಲ್ಜರ್ಸ್’ ತಿನ್ನುತ್ತಾಳೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು.

ತಿಂಡಿ ಗೊತ್ತಿಲ್ಲದವರಿಗೆ: ಕುದಿಯುವ ನೀರಲ್ಲಿ ಮೊಟ್ಟೆಯನ್ನು ನಾಲ್ಕೈದು ನಿಮಿಷ ಮಾತ್ರ ಬೇಯಿಸುತ್ತಾರೆ. ಬಿಸಿ ಹೊರಗಿನಿಂದ ಒಳಕ್ಕೆ ಹೋಗುತ್ತದೆ, ಜೊತೆಗೆ ಹಳದಿ ಗಟ್ಟಿಯಾಗಲು ಬಿಳಿಗಿಂತ ಸ್ವಲ್ಪ ಜಾಸ್ತಿ ಬಿಸಿ ಬೇಕು, ಹಾಗಾಗಿ ಬಿಳಿ ಗಟ್ಟಿಯಾದರೂ ಹಳದಿ ಹರಿಯುವ ಹಾಗೇ ಇರುತ್ತದೆ. ಮೊಟ್ಟೆಯನ್ನು ಪುಟ್ಟ ಬಟ್ಟಲಲ್ಲಿ ನೆಟ್ಟಗೆ ಕೂರಿಸಿ, ಚಮಚದಿಂದ ತಟ್ಟಿ ತಲೆ ತೆಗೆದು, ಚಿಟಿಕೆ ಉಪ್ಪು ಹಾಕಿ, ಬೆಣ್ಣೆ ಸವರಿದ ಟೋಸ್ಟಿನ ತುಂಡುಗಳನ್ನು ಅದರಲ್ಲಿ ಅದ್ದಿ ತಿನ್ನುವುದು. ತುಂಡು ಬೆರಳಗಲ ಇರಬೇಕು, ಇಲ್ಲದಿದ್ದರೆ ಮೊಟ್ಟೆಯ ಬಾಯೊಳಗೆ ಇಳಿಯುವುದಿಲ್ಲ. ಈ ತುಂಡುಗಳೇ ‘ಸೋಲ್ಜರ್ಸ್’. ಸಾಲಾಗಿ ಇಟ್ಟರೆ ಕವಾಯತಿಗೆ ನಿಂತ ಹಾಗೆ ಕಾಣುತ್ತವೆ, ಅದಕ್ಕೇ ಆ ಹೆಸರು ಅಂತ ಸಾಮಾನ್ಯವಾಗಿ ಹೇಳುತ್ತಾರೆ.

ಮೊದಲ ತೊಡಕು ಮೊಟ್ಟೆಯದೇ. ‘ಅರೆಬೆಂದ ಮೊಟ್ಟೆ’ ಅಂತ ಬರೆದು ಅಳಿಸಿದೆ. ನಮ್ಮಲ್ಲಿ ಅರೆಬೆಂದ ಅನ್ನ, ಅರೆಬೆಂದ ಬೇಳೆ ಅಂದರೆ ಅಡುಗೆ ಕೆಟ್ಟಿತು ಅಂತ ಅಲ್ವಾ? ಇಲ್ಲಿ ಅದು ಬೇಕೆಂದೇ ಮಾಡಿದ ಹದ. ‘ಹಾಫ್ ಬಾಯ್ಲ್’ ಅನ್ನೋಣ ಅಂದರೆ ಅದೂ ಕಷ್ಟ. ಬೆಂಗಳೂರಿನ ಮೊಟ್ಟೆ ಗಾಡಿಗಳಲ್ಲಿ, ತಮಿಳುನಾಡಿನಲ್ಲಂತೂ ಜಾಸ್ತಿ, ಹಾಫ್ ಬಾಯ್ಲ್ ಅಂದರೆ ಕಾವಲಿ ಮೇಲೆ ಒಡೆದು ಹಾಕಿ ಹಳದಿ ಹಸಿಯಾಗಿ ಬಿಟ್ಟ ಮೊಟ್ಟೆ, ಅದು ನೀರನ್ನೇ ಕಂಡಿರುವುದಿಲ್ಲ. ಸಿಂಗಪುರದಲ್ಲಿ ಹಾಫ್ ಬಾಯ್ಲ್ಡ್ ಅಂದರೆ ಬಿಸಿನೀರಲ್ಲಿಟ್ಟ ಮೊಟ್ಟೆಯೇ, ಅದನ್ನು ತಟ್ಟೆಗೆ ಒಡೆದು ಸೋಯಾ ಸಾಸ್, ಬಿಳಿ ಮೆಣಸಿನ ಪುಡಿ ಹಾಕಿ ಕಾಯಾ ಟೋಸ್ಟ್ (ತೆಂಗಿನಹಾಲು, ಮೊಟ್ಟೆ, ಸಕ್ಕರೆಯ ಜಾಮ್ ಸವರಿದ ಟೋಸ್ಟ್) ಜೊತೆ ತಿನ್ನುತ್ತಾರೆ. ಇಂಗ್ಲಿಷಿನವರಿಗೂ ಇದೇ ಗೊಂದಲ ಇದೆ: ‘ಡಿಪ್ಪಿ ಎಗ್’ ಬ್ರಿಟನ್ನಿನಲ್ಲಿ ಚಿಪ್ಪಿನೊಳಗೆ ಬೇಯಿಸಿದ್ದು, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಾವಲಿ ಮೇಲಿನದು. ಹಳದಿ ಹರಿಯಬೇಕು ಅನ್ನುವುದಷ್ಟೇ ಹೆಸರಿಗೆ ಮುಖ್ಯ, ಬೇಯಿಸಿದ ರೀತಿ ಅಲ್ಲ ಅಂತ ಕಾಣುತ್ತದೆ. ಸದ್ಯಕ್ಕೆ ನಾನು ‘ಮೆದುಮೊಟ್ಟೆ’ ಅಂತ ಇಟ್ಟುಕೊಂಡಿದ್ದೇನೆ.

ಇನ್ನು ಟೋಸ್ಟಿನ ತುಂಡು. ಫ್ರೆಂಚರು ಇದನ್ನು ‘ಮುಯೆತ್’ ಅನ್ನುತ್ತಾರೆ, ನೆನೆಸು ಅನ್ನುವ ಕ್ರಿಯಾಪದದಿಂದ ಬಂದದ್ದು. ಆ ದಾರಿ ಹಿಡಿದರೆ ನಮಗೆ ‘ಅದ್ದುಪಟ್ಟಿ’ ಸಿಗುತ್ತದೆ. ಅರ್ಥ ಸರಿ, ಆದರೆ ಮಗುವಿಗೆ ಅದರಲ್ಲಿ ಆಟವಿಲ್ಲ. ಕತೆಯ ಹುಡುಗಿ ತುಂಡುಗಳನ್ನು ಸಾಲು ನಿಲ್ಲಿಸಿ, ಒಬ್ಬೊಬ್ಬರನ್ನೇ ಹಳದಿ ಕೊಳಕ್ಕೆ ಇಳಿಸುತ್ತಾಳೆ. ಸೈನಿಕರು ಹೋದರೆ ಆ ಪುಟವೇ ಹೋಗುತ್ತದೆ. ‘ಸೈನಿಕ’ ಪಾಠಪುಸ್ತಕದ ಮಾತು ಅನ್ನಿಸಿತು. ‘ಸಿಪಾಯಿ’ ಮಗುವಿನ ಬಾಯಿಗೆ ಸುಲಭ, ಮನೆಮಾತಿನಲ್ಲೂ ಇದೆ. ‘ಟೋಸ್ಟ್ ಸಿಪಾಯಿಗಳು’ ಅಂತ ಒಮ್ಮೆ ಹೇಳಿ, ಆಮೇಲೆ ಸುಮ್ನೆ ‘ಸಿಪಾಯಿಗಳು’ ಅಂದರೆ ಸಾಕು, ಅಡಿಟಿಪ್ಪಣಿ ಬೇಡ ಅಂತ ನನ್ನ ಅಭಿಪ್ರಾಯ.

ಕೇಳಬೇಕಾದ್ದು ಇಷ್ಟು. ಹೀಗೆ ಹಳದಿ ಹರಿಯುವ ಹಾಗೆ ಚಿಪ್ಪಿನಲ್ಲೇ ಬೇಯಿಸಿದ ಮೊಟ್ಟೆಗೆ ನಿಮ್ಮ ಮನೆಯಲ್ಲಿ, ಊರಲ್ಲಿ ಬೇರೆ ಹೆಸರಿದೆಯೇ? ಕೊಡಗು, ಮಂಗಳೂರು ಕಡೆಯವರು ದಯವಿಟ್ಟು ಹೇಳಿ. ‘ಮೆದುಮೊಟ್ಟೆ’ ಕೇಳಿದರೆ ನಿಮಗೆ ಬೇಯಿಸಿದ್ದು ಅಂತ ಹೊಳೆಯುತ್ತದೆಯೇ, ಅಥವಾ ಚಿಪ್ಪೇ ಮೆತ್ತಗಿರುವ ಮೊಟ್ಟೆ ಅನ್ನಿಸುತ್ತದೆಯೇ?