1917 ಎನ್‌ಫೀಲ್ಡ್‌ಗೆ ಸ್ಕೋಪ್ ಹಾಕಿದೀನಿ, ಟರೆಟ್ ಪೂರ್ತಿ ತಿರುಗಿಸಿದ್ರೂ ಗುಂಡು ಕೆಳಗೇ ಬೀಳ್ತಿದೆ

ಸಕಲೇಶಪುರದವನು:
ಎಲ್ರಿಗೂ ನಮಸ್ಕಾರ. ನಾನಿರೋದು ಪೆನ್ಸಿಲ್ವೇನಿಯಾ. ಪಕ್ಕದ ಮನೆ ಅಜ್ಜ ಊರು ಬಿಟ್ಟು ಮಗಳ ಮನೆಗೆ ಹೋಗೋವಾಗ ಅವರ ಹಳೇ ರೈಫಲ್ ನಂಗೆ ಮಾರಿದ್ರು, ಪೇಪರ್ ಎಲ್ಲಾ ಅಂಗಡಿ ಮೂಲಕವೇ ಆಗಿದೆ. ಎಡ್ಡಿಸ್ಟೋನ್ ಕಾರ್ಖಾನೆ ಮಾಡಿದ 1917 ಎನ್‌ಫೀಲ್ಡ್, ಮೊದಲನೇ ಮಹಾಯುದ್ಧದ ಕಾಲದ ಅಮೆರಿಕನ್ ಮಿಲಿಟರಿ ರೈಫಲ್, .30-06 ಗುಂಡಿನದು. ಯಾವ ಕಾಲದಲ್ಲೋ ಯಾರೋ ಮಿಲಿಟರಿ ಕಟ್ಟಿಗೆ ತೆಗೆದು ಬೇಟೆ ಸ್ಟಾಕ್ ಹಾಕಿದಾರೆ, ಹಿಂದಿನ ಸೈಟ್ ಕಾಯ್ತಿದ್ದ ಎರಡು ಕಿವಿ ಕೊಯ್ದು ಗ್ರೈಂಡ್ ಮಾಡಿ ಸ್ಕೋಪ್ ಬೇಸ್‌ಗೆ ತೂತು ಹೊಡೆದು ಟ್ಯಾಪ್ ಮಾಡಿದಾರೆ. ನಾನು ಎರಡು ತುಂಡಿನ ವೀವರ್ ಟೈಪ್ ಬೇಸ್ (ರೈಫಲ್ ಮೇಲೆ ಸ್ಕ್ರೂ ಮಾಡೋ ಪಟ್ಟಿ), ಅದರ ಮೇಲೆ ಸ್ಕೋಪ್ ಹಿಡಿಯೋ ಮಾಮೂಲಿ ರಿಂಗ್, 3-9x40 ಸ್ಕೋಪ್ ಹಾಕ್ದೆ. ರೇಂಜಿಗೆ ಹೋಗಿ 100 ಗಜದಲ್ಲಿ ಹೊಡೆದ್ರೆ ಪೇಪರಲ್ಲೇ ಇಲ್ಲ, ಮಣ್ಣು ಹಾರ್ತಿತ್ತು. ಎಲಿವೇಶನ್ ಟರೆಟ್ (ಗುರಿ ಮೇಲೆ ಕೆಳಗೆ ಮಾಡೋ ತಿರುಪು) ಮೇಲಕ್ಕೆ ತಿರುಗಿಸ್ತಾ ತಿರುಗಿಸ್ತಾ ಕೊನೆಗೆ ನಿಂತೇ ಹೋಯ್ತು, ಆಗ್ಲೂ 6 ಇಂಚು ಕೆಳಗೆ, ಅದೂ ಒಂದೇ ಕಡೆ ಅಲ್ಲ, ಐದು ಗುಂಡು ಐದು ಇಂಚಲ್ಲಿ ಚೆಲ್ಲಾಪಿಲ್ಲಿ. ಸ್ಕೋಪೇ ಹಾಳಾ? ಇನ್ನೊಂದು ತಗೊಳ್ಳಾ? ಥ್ಯಾಂಕ್ಸ್‌ಗಿವಿಂಗ್ ಆದ ಶನಿವಾರ ಜಿಂಕೆ ಸೀಸನ್ ಶುರು, ಟೈಮಿಲ್ಲ.

ಹಳೇಕಬ್ಬಿಣ:
ಸ್ಕೋಪ್ ತಗೊಳ್ಬೇಡಿ, ದುಡ್ಡು ಜೇಬಲ್ಲೇ ಇರ್ಲಿ. ಗುಂಡು ಕೆಳಗೆ ಬೀಳ್ತಿದೆ ಅಂದ್ರೆ ಸ್ಕೋಪಿನ ಹಿಂಭಾಗ ತಗ್ಗಿದೆ, ಅದು ಆಕಾಶ ನೋಡ್ತಿದೆ, ನೀವು ಕ್ರಾಸ್‌ಹೇರ್ ಟಾರ್ಗೆಟ್ ಮೇಲೆ ತರೋಕೆ ಹೋದಾಗ ಬ್ಯಾರೆಲ್ ನೆಲ ನೋಡುತ್ತೆ. 1917ರಲ್ಲಿ ಇದು ಮಾಮೂಲಿ ಕಾಯಿಲೆ. ಕಿವಿ ಕೊಯ್ಯೋವಾಗ ಬೆಂಚ್ ಗ್ರೈಂಡರಲ್ಲಿ ಕಣ್ಣಳತೆಗೆ ತಿಕ್ಕಿರ್ತಾರೆ, ಸ್ವಲ್ಪ ಜಾಸ್ತಿ ತಿಂದುಬಿಡುತ್ತೆ.

ಹಂಗಂತ ಬೇಜಾರು ಮಾಡ್ಕೋಬೇಡಿ, ಒಳ್ಳೇ ರೈಫಲ್. ಬ್ರಿಟಿಷರಿಗೆ .303ರಲ್ಲಿ ಮಾಡ್ತಿದ್ದ ಪಿ14, ಅಮೆರಿಕಾ ಯುದ್ಧಕ್ಕೆ ಇಳಿದಾಗ ಅದೇ ಮೆಷಿನ್‌ಗಳಲ್ಲಿ .30-06ಕ್ಕೆ ತಿರುಗಿಸಿದ್ರು, ವಿಂಚೆಸ್ಟರ್, ರೆಮಿಂಗ್ಟನ್, ಎಡ್ಡಿಸ್ಟೋನ್ ಮೂರೂ ಸೇರಿ ಹತ್ತಿರ 22 ಲಕ್ಷ. ಮೌಸರ್ 98ಗೆ ಸ್ಕೋಪ್ ಹಾಕ್ಬೇಕಾದ್ರೆ ಬೋಲ್ಟ್ (ಗುಂಡು ಒಳಗೆ ತಳ್ಳಿ ಮುಚ್ಚೋ ಉಕ್ಕಿನ ಉರುಳೆ) ಹಿಡಿ ಬಗ್ಗಿಸ್ಬೇಕು, ತಲೆ ಮೇಲಿರೋ ಸೇಫ್ಟಿ ಬದಲಾಯಿಸ್ಬೇಕು. ನಿಮ್ದರಲ್ಲಿ ಹಿಡಿ ಆಗ್ಲೇ ಕೆಳಗೆ ಬಾಗಿದೆ, ಸೇಫ್ಟಿ ಬಲಗಡೆ ಪಕ್ಕದಲ್ಲಿದೆ, ಎರಡೂ ತಂಟೆ ಇಲ್ಲ.

ಇನ್ನೊಂದು ಮಾತು. ಎಡ್ಡಿಸ್ಟೋನ್‌ಗಳಲ್ಲಿ ಬ್ಯಾರೆಲ್ ಸಿಕ್ಕಾಪಟ್ಟೆ ಬಿಗಿ ಕೂರ್ಸಿದ್ರು, ಆಮೇಲೆ ಯಾರಾದ್ರೂ ಬ್ಯಾರೆಲ್ ಬಿಚ್ಚಿದ್ರೆ ರಿಸೀವರ್ (ಬ್ಯಾರೆಲ್ ಸಿಕ್ಕಿಸೋ ಉಕ್ಕಿನ ಒಡಲು) ಮುಂದಿನ ರಿಂಗಲ್ಲಿ ಕೂದಲೆಳೆ ಬಿರುಕು ಬಿಡೋದುಂಟು. ನಿಮ್ದು ಮೊದಲಿನ ಬ್ಯಾರೆಲ್ಲಾ, ಬದಲಾಯಿಸಿದ್ದಾ? ಮುಂದಿನ ಗುಂಡು ಹೊಡೆಯೋ ಮುಂಚೆ ಗನ್‌ಸ್ಮಿತ್ ಹತ್ರ ಬಿರುಕು, ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್‌ಗೂ ಗುಂಡಿನ ಕೇಸಿಗೂ ಇರೋ ಜಾಗ) ಎರಡೂ ಚೆಕ್ ಮಾಡಿಸಿ. ಸ್ಕೋಪ್ ವಿಷಯ ಆಮೇಲೆ.

ಬಿಂದಾಸ್:
ಅಯ್ಯೋ ಇಷ್ಟೆಲ್ಲಾ ಯಾಕೆ ಗುರೂ, ಕೋಕ್ ಕ್ಯಾನ್ ಕತ್ತರಿಸಿ ನಾಲ್ಕು ಮಡಿಕೆ ಮಾಡಿ ಹಿಂದಿನ ರಿಂಗ್ ಒಳಗೆ ಇಡು, ಟೈಟ್ ಮಾಡು, ಮುಗೀತು.

ಪೀಣ್ಯ_ಫಿಟ್ಟರ್:
ಮುಗಿಯೋದು ಸ್ಕೋಪ್ ಟ್ಯೂಬ್, ಸ್ವಾಮಿ. ಒಂದು ರಿಂಗ್ ಮಾತ್ರ ಎತ್ತಿದ್ರೆ ಎರಡು ರಿಂಗಿನ ಸೆಂಟರ್ ಒಂದೇ ಗೆರೆಲಿ ಇರಲ್ಲ, ಬಿಗಿ ಮಾಡಿದಾಗ ಟ್ಯೂಬ್ ಬಾಳೆಕಾಯಿ ಥರ ಬಗ್ಗುತ್ತೆ. ನಂಗೆ ಬಂದೂಕು ಗೊತ್ತಿಲ್ಲ, ಮೂವತ್ತು ವರ್ಷ ಟೂಲ್‌ರೂಮಲ್ಲಿ ಕೆಲಸ ಮಾಡಿದೀನಿ ಅಷ್ಟೆ, ಆದ್ರೆ ಅಳೀದೆ ಪ್ಯಾಕಿಂಗ್ ಕೊಡೋನು ಫಿಟ್ಟರೇ ಅಲ್ಲ. ಮೊದ್ಲು ಅಳತೆ ತಗೊಳ್ಳಿ. ರೈಫಲ್ ಖಾಲಿ ಇದ್ಯಾ ಎರಡು ಸಲ ನೋಡಿ. ಸ್ಕೋಪ್, ರಿಂಗ್ ಬಿಚ್ಚಿ, ಎರಡೂ ಬೇಸ್ ಮೇಲೆ ನೇರ ಇರೋ ಗ್ರೌಂಡ್ ಕಂಬಿ ಮಲಗಿಸಿ. ಬೋಲ್ಟ್ ಮುಚ್ಚಿ. ಖಾಲಿ ಕೇಸ್ ಹೊರಗೆ ಬರೋ ಕಿಂಡಿ ಇರುತ್ತಲ್ಲ, ಅಲ್ಲಿ ಕಂಬಿ ತಳದಿಂದ ಬೋಲ್ಟ್ ನೆತ್ತಿಗೆ ಎಷ್ಟು ಗ್ಯಾಪ್ ಅಂತ ವರ್ನಿಯರ್ ಒಳದವಡೆಯಲ್ಲಿ ನೋಡಿ, ಕಿಂಡಿಯ ಮುಂದಿನ ತುದೀಲಿ ಒಂದ್ಸಲ, ಹಿಂದಿನ ತುದೀಲಿ ಒಂದ್ಸಲ. ಎರಡೂ ಸಮ ಇದ್ರೆ ಬೇಸ್ ಸರಿ, ಬೇರೆ ಕಡೆ ಹುಡುಕೋಣ.

ಆಮೇಲೆ ಹಿಂದಿನ ಬೇಸ್ ಬಿಚ್ಚಿ ತಳಕ್ಕೆ ಪ್ರಷ್ಯನ್ ಬ್ಲೂ (ಗುರುತು ಹಾಕೋ ನೀಲಿ ಬಣ್ಣ) ತೆಳ್ಳಗೆ ಸವರಿ, ಕೂರಿಸಿ, ತೆಗೆದು ನೋಡಿ, ಎಲ್ಲೆಲ್ಲಿ ಮುಟ್ಟಿದೆ ಅಂತ ಗೊತ್ತಾಗುತ್ತೆ. ಗುಂಡು ಚೆಲ್ಲೋದಕ್ಕೆ ಉತ್ತರ ಅಲ್ಲಿರ್ಬೋದು.

ಸಕಲೇಶಪುರದವನು:
ಗನ್‌ಸ್ಮಿತ್ ನೋಡಿದ್ರು. ಮೊದಲಿನ ಬ್ಯಾರೆಲ್ಲೇ, ಬಿರುಕಿಲ್ಲ, ಹೆಡ್‌ಸ್ಪೇಸ್ ಸರಿ ಇದೆ ಅಂದ್ರು. ಸ್ಕೋಪ್ ಕೆಲಸಕ್ಕೆ ಮಾತ್ರ ಸೀಸನ್ ಮುಗಿದ್ಮೇಲೆ ಬಾ ಅಂದ್ರು.

ಅಳತೆ: ಮುಂದೆ 15.3 ಮಿ.ಮೀ., ಹಿಂದೆ 14.6. ಆ ಎರಡು ಜಾಗದ ಮಧ್ಯೆ 3 ಇಂಚು.

ಪ್ರಷ್ಯನ್ ಬ್ಲೂ ಇರ್ಲಿಲ್ಲ, ದೇವರಮನೆ ಕುಂಕುಮ ಕೊಬ್ಬರಿ ಎಣ್ಣೇಲಿ ಕಲಸಿ ಹಚ್ಚಿದೆ (ಮನೇಲಿ ಬೈಸ್ಕೊಂಡೆ). ಬೇಸ್ ಎತ್ತಿ ನೋಡಿದ್ರೆ ಕೆಂಪು ಅಂಟಿರೋದು ಎರಡೇ ಮೂಲೇಲಿ, ಮುಂದೆ ಎಡಗಡೆ ಒಂದು ಚುಕ್ಕಿ, ಹಿಂದೆ ಬಲಗಡೆ ಒಂದು ಚುಕ್ಕಿ, ನಡುವೆ ಏನೂ ಇಲ್ಲ. ಸ್ಕ್ರೂ ಸಡಿಲ ಬಿಟ್ಟು ಬೆರಳಲ್ಲಿ ಒತ್ತಿದ್ರೆ ಟಕ್ ಟಕ್ ಅಂತ ಒಂದು ಕಾಲು ಗಿಡ್ಡ ಇರೋ ಮಣೆ ಥರ ಅಲ್ಲಾಡುತ್ತೆ.

ಪೀಣ್ಯ_ಫಿಟ್ಟರ್:
ಕುಂಕುಮ! ನಂಗೆ ಇಷ್ಟು ವರ್ಷ ಹೊಳೀಲಿಲ್ಲ ನೋಡಿ.

ಹಳೇಕಬ್ಬಿಣ:
ಸಿಕ್ತು. ಲೆಕ್ಕ ನೋಡಿ. 3 ಇಂಚಿಗೆ 0.7 ಮಿ.ಮೀ. ಇಳಿಜಾರು. ನಿಮ್ಮ ರಿಂಗ್‌ಗಳ ಮಧ್ಯೆ ಎಷ್ಟು, 5 ಇಂಚಾ? ಹಂಗಿದ್ರೆ ಹಿಂದೆ ಸುಮಾರು 1.17 ಮಿ.ಮೀ. ತಗ್ಗು, ಅಂದ್ರೆ 46 ಥೌ (ಇಂಚಿನ ಸಾವಿರದಲ್ಲೊಂದು ಭಾಗ ಒಂದು ಥೌ). 100 ಗಜ ಅಂದ್ರೆ 3600 ಇಂಚು, 5 ಇಂಚಿನ ಅಂತರದಲ್ಲಿ ಒಂದು ಥೌ ಎತ್ತಿದ್ರೆ ಟಾರ್ಗೆಟಲ್ಲಿ 0.72 ಇಂಚು ಮೇಲೆ ಹೋಗುತ್ತೆ. 46 ಥೌಗೆ 33 ಇಂಚು. ಸ್ಕೋಪ್ ಬ್ಯಾರೆಲ್‌ಗಿಂತ ಒಂದೂವರೆ ಇಂಚು ಮೇಲಿರೋದು, ಗುಂಡು ತಾನಾಗಿ 100 ಗಜದಲ್ಲಿ ಎರಡು ಎರಡೂವರೆ ಇಂಚು ಇಳಿಯೋದು, ಎರಡೂ ಸೇರಿ ಇನ್ನೊಂದು 4. ಒಟ್ಟು 37. ಈಗ ನಿಮ್ಮ ಸ್ಕೋಪಿಗೆ ಒಟ್ಟು 60 ಎಂಓಎ (ಕೋನದ ಅಳತೆ, 100 ಗಜದಲ್ಲಿ ಒಂದಕ್ಕೆ ಹತ್ತಿರ 1.05 ಇಂಚು) ಅಡ್ಜಸ್ಟ್‌ಮೆಂಟ್ ಇದ್ರೆ ಮಧ್ಯದಿಂದ ಮೇಲಕ್ಕೆ 30, ಅಂದ್ರೆ 31 ಇಂಚು ಚಿಲ್ಲರೆ. 37ರಲ್ಲಿ 31 ಕಳೆದ್ರೆ 6. ನೀವು ಹೇಳಿದ ಆರೇ ಇಂಚು. ಸ್ಕೋಪ್ ಏನೂ ತಪ್ಪು ಮಾಡಿಲ್ಲ ಪಾಪ.

46 ಥೌಗೆ ಶಿಮ್ (ತೆಳು ಲೋಹದ ಪಟ್ಟಿ) ಮೇಲೆ ಶಿಮ್ ಪೇರಿಸೋದು ನಂಗೆ ಇಷ್ಟ ಇಲ್ಲ. ಎರಡು ಕೆಲಸ ಮಾಡಿ. ಒಂದು, ಹಿಂದಿನ ಬೇಸ್ ಕೆಳಗೆ ಸ್ಟೀಲ್ ಎಪಾಕ್ಸಿ ಅಂಟು ಹಾಕಿ ಬೆಡ್ ಮಾಡಿ, ಅಂದ್ರೆ ಸಂದಿ ತುಂಬಿಸಿ. ಬೇಸ್ ತಳವನ್ನ ಚೆನ್ನಾಗಿ ತೊಳೆದು ಎಣ್ಣೆ ಜಿಡ್ಡು ತೆಗೀರಿ, ರಿಸೀವರ್ ಕಡೆಗೆ, ಸ್ಕ್ರೂಗಳಿಗೆ ಬೂಟ್ ಪಾಲಿಶ್ ಹಚ್ಚಿ, ಇಲ್ಲಾಂದ್ರೆ ಜನ್ಮಕ್ಕೆ ಬಿಚ್ಚಕ್ಕಾಗಲ್ಲ. ಸ್ಕ್ರೂ ಬಿಗಿ ಮಾಡ್ಬೇಡಿ, ಬೆರಳ ಬಿಗಿ ಸಾಕು, ಬೇಸ್ ತನ್ನ ಪಾಡಿಗೆ ತಾನು ಕೂತ್ಕೊಳ್ಳಿ. ಎರಡು, ಬರ್ರಿಸ್ ಸಿಗ್ನೇಚರ್ ಝೀ ರಿಂಗ್ ತಗೊಳ್ಳಿ, ಅದರೊಳಗೆ ಪ್ಲಾಸ್ಟಿಕ್ ಇನ್ಸರ್ಟ್ ಇರುತ್ತೆ, ಆಫ್‌ಸೆಟ್ ಇನ್ಸರ್ಟ್ ಬೇರೆ ಸಿಗುತ್ತೆ, 5, 10, 20 ಥೌ. ಹಿಂದಿನ ರಿಂಗಲ್ಲಿ ಪ್ಲಸ್ 20 ಕೆಳಗೆ, ಮುಂದಿನದರಲ್ಲಿ ಮೈನಸ್ 20 ಕೆಳಗೆ. ಒಟ್ಟು 40 ಥೌ, 29 ಇಂಚು ವಾಪಸ್ ಬಂತು. ಉಳಿದ 8 ಇಂಚನ್ನ ಟರೆಟ್ ನೋಡ್ಕೊಳುತ್ತೆ. ಇನ್ಸರ್ಟ್ ಹೊರಮೈ ಗೋಳ ಇರೋದ್ರಿಂದ ಟ್ಯೂಬ್ ಎತ್ತ ವಾಲುತ್ತೋ ಅತ್ತ ತಿರುಗಿ ಕೂರುತ್ತೆ, ಫಿಟ್ಟರ್ ಸಾಹೇಬ್ರು ಹೇಳಿದ ಬಾಳೆಕಾಯಿ ಭಯ ಇಲ್ಲ.

ಮಡಿಕೇರಿ_ಮಂಜು:
ಓದ್ತಾ ಮಜಾ ಬಂತು. ನಮ್ಮಲ್ಲಿ ಕೈಲ್‌ಪೊಳ್ದ್ (ಕೊಡಗಿನ ಆಯುಧಪೂಜೆ ಹಬ್ಬ) ದಿನ ತೋಕ್‌ಗೆ, ಅಂದ್ರೆ ಕೋವಿಗೆ, ತೋಕ್‌ಪೂ ಹೂ ಸಿಕ್ಕಿಸಿ ಪೂಜೆ ಮಾಡ್ತೇವೆ, ಬೇಟೆ 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಇಲ್ಲ, ಈಗ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಅಷ್ಟೆ. 37 ಇಂಚು ಕೆಳಗೆ ಅಂದ್ರೆ ನಿಮ್ಮ ಗುಂಡು ಕಾಯಿಗಲ್ಲ, ಕಾಯಿ ಕಟ್ಟಿದವನ ಕಾಲಿಗೆ.

ಸಕಲೇಶಪುರದವನು:
ಹ್ಹಹ್ಹ ನಿಜ ಸಾರ್.

ಎಪಾಕ್ಸಿ ಆಯ್ತು, ಒಂದು ದಿನ ಬಿಟ್ಟು ಬಿಚ್ಚಿ ನೋಡಿದೆ, ಗ್ರೈಂಡಿಂಗ್ ಗೀರೆಲ್ಲಾ ಅಚ್ಚೊತ್ತಿದ ಹಂಗೆ ಬಂದಿದೆ. ಆದ್ರೆ ಹೊಸ ತಲೆನೋವು. ಬೇಸ್ ಬಿಗಿ ಮಾಡಿದ್ಮೇಲೆ ಬೋಲ್ಟ್ ಹಿಂದಕ್ಕೆ ಎಳೆದ್ರೆ ಮಧ್ಯದಲ್ಲಿ ಕರ್ರ್ ಅಂತ ಹಿಡಿಯುತ್ತೆ. ಮುಂಚೆ ಬೆಣ್ಣೆ ಥರ ಓಡ್ತಿತ್ತು. ಹಳೇ ಸ್ಕ್ರೂ ತಲೆ ಸವೆದಿತ್ತು ಅಂತ ಹೊಸಾದು ಹಾಕಿದೆ, ಅಷ್ಟೇ ಬದಲಾವಣೆ.

ಪೀಣ್ಯ_ಫಿಟ್ಟರ್:
ಹೊಸಾ ಸ್ಕ್ರೂ ಉದ್ದ ಆಗಿದೆ. ಬೋಲ್ಟ್ ಮೇಲೆ ಮಾರ್ಕರ್ ಪೆನ್ ಗೀಚಿ ಒಂದ್ಸಲ ನಿಧಾನಕ್ಕೆ ಎಳೀರಿ, ಹೊಳೆಯೋ ಗೆರೆ ಬಿದ್ದ ಕಡೆ ಸ್ಕ್ರೂ ಮುಟ್ತಿದೆ. ತುದಿ ಅರೆಯೋವಾಗ ಕೈಯಲ್ಲಿ ಹಿಡೀಬೇಡಿ, 6-48 (ಈ ಸ್ಕ್ರೂ ಎಳೆಯ ಸೈಜು) ನಟ್ಟಿಗೆ ಹಾಕ್ಕೊಂಡು ಅರೀರಿ, ಮುಗಿದ್ಮೇಲೆ ನಟ್ ಬಿಚ್ಚಿದ್ರೆ ಎಳೆ ತಾನೇ ಸರಿಯಾಗುತ್ತೆ.

ಹಳೇಕಬ್ಬಿಣ:
ಮುಂದಿನ ಬೇಸ್ ಸ್ಕ್ರೂನೂ ನೋಡಿ. ಅಲ್ಲಿ ಉದ್ದ ಆದ್ರೆ ತುದಿ ಬ್ಯಾರೆಲ್ ಎಳೆಗೆ ತಾಗಿ ನಿಲ್ಲುತ್ತೆ, ನಿಮಗೆ ಟೈಟ್ ಆಯ್ತು ಅನ್ಸುತ್ತೆ, ಬೇಸ್ ಮಾತ್ರ ಸಡಿಲ. ಆಮೇಲೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲಾಗದ ಹಾಗೆ ಹಿಡಿಯೋ ಅಂಟು) ಒಂದು ಹನಿ, ಕೆಂಪು ಬೇಡ. ಬೋಲ್ಟ್ ತೆಗೆದು ಬ್ಯಾರೆಲ್ ಒಳಗಿಂದ ದೂರದ ಕಂಬ ನೋಡಿ ಕ್ರಾಸ್‌ಹೇರ್ ಅದೇ ಕಂಬಕ್ಕೆ ತನ್ನಿ, ಮೊದಲ ಗುಂಡು 25 ಗಜದಲ್ಲಿ.

ಸಕಲೇಶಪುರದವನು:
ಗೆರೆ ಬಿತ್ತು, ಹಿಂದಿನ ಬೇಸಿನ ಮುಂದಿನ ಸ್ಕ್ರೂ. ಒಂದೂವರೆ ಎಳೆ ಅರೆದೆ, ಬೋಲ್ಟ್ ಮತ್ತೆ ಬೆಣ್ಣೆ. ಮುಂದಿನ ಬೇಸ್ ಸರಿ ಇತ್ತು.

ಇವತ್ತು ರೇಂಜಿಗೆ ಹೋಗಿದ್ದೆ. 25 ಗಜದಲ್ಲಿ ಪೇಪರ್ ಮೇಲೆ ಬಂತು, 100ಕ್ಕೆ ಹೋದೆ, ಸ್ಕೋಪ್ ಮಧ್ಯದಲ್ಲಿಟ್ಟು ಹೊಡೆದ್ರೆ 7 ಇಂಚು ಕೆಳಗೆ. ಹಳೇಕಬ್ಬಿಣ ಅವ್ರ ಲೆಕ್ಕ 8, ಎಪಾಕ್ಸಿ ಒಂದೂವರೆ ಥೌ ಎತ್ತಿರ್ಬೇಕು. 27 ಕ್ಲಿಕ್ ಮೇಲೆ, ನಾಲ್ಕು ಎಡಕ್ಕೆ, ಆಮೇಲೆ ಮೂರು ಗುಂಡು ಎರಡು ಇಂಚೊಳಗೆ. ಪಕ್ಕದ ಬೆಂಚಿನವರು ಬೇಸ್ ಪಕ್ಕದಲ್ಲಿ ಕೆಂಪು ನೋಡಿ ಏನದು, ತುಕ್ಕಾ ಅಂದ್ರು. ಕುಂಕುಮ ಇನ್ನೂ ಸಂದೀಲಿದೆ, ಅದನ್ನ ಹೆಂಗೆ ತೆಗೆಯೋದು?

ಪೀಣ್ಯ_ಫಿಟ್ಟರ್:
ಬಿಡ್ರೀ, ಆಯುಧಪೂಜೆ ಆಯ್ತು ಅಂದ್ಕೊಳ್ಳಿ.